ಪದ ಬೇಕು: ‘ಅಸಿಸ್ಟೆಡ್ ಡೈಯಿಂಗ್’ಗೆ ‘ದಯಾಮರಣ’ ಸರಿಯೇ?

ಗೆಳೆಯರೇ,

ಹಿರಿಯರ ಸಭೆಯೊಂದಕ್ಕೆ ಕರಪತ್ರ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಎಲ್ಲ ಕಡೆ ‘ದಯಾಮರಣ’ ಅಂತ ಬರೆದಿದ್ದೆ, ಈಗ ಸಿಕ್ಕಿಕೊಂಡಿದ್ದೇನೆ. ಅಮೆರಿಕದ ಆರೆಗಾನ್‌ನಲ್ಲಿ 1997ರಿಂದ ಇರುವ ಪದ್ಧತಿಯಲ್ಲಿ ವೈದ್ಯರು ಸಾವು ತರುವ ಮದ್ದು ಬರೆದುಕೊಡುತ್ತಾರೆ, ತೆಗೆದುಕೊಳ್ಳುವವರು ರೋಗಿಯೇ. ನೆದರ್‌ಲ್ಯಾಂಡ್ಸ್‌ನ 2002ರ ಕಾನೂನಿನಲ್ಲಿ ವೈದ್ಯರೇ ಕೊಡಲೂಬಹುದು. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರಿಗೆ ಗೊಂದಲ ಅಲ್ವಾ?

ಇನ್ನೊಂದು. ನೆದರ್‌ಲ್ಯಾಂಡ್ಸ್‌ನಲ್ಲೇ 2020ರಲ್ಲಿ ಒಂದು ಮಸೂದೆ ಮಂಡನೆಯಾಯಿತು. 75 ದಾಟಿದವರು ದೊಡ್ಡ ಕಾಯಿಲೆ ಇಲ್ಲದಿದ್ದರೂ ‘ನನ್ನ ಬಾಳು ಪೂರ್ತಿಯಾಯಿತು’ ಅಂತ ನೆರವು ಕೇಳಬಹುದು ಅನ್ನುವುದು ಅದರ ಸಾರ. ಈ ‘ಕಂಪ್ಲೀಟೆಡ್ ಲೈಫ್’ಗೆ ‘ತುಂಬು ಬಾಳು’ ಒಗ್ಗುತ್ತದೆಯೇ?

———

ಇಚ್ಛಾಮರಣ. ಭೀಷ್ಮನ ಕತೆ ಕೇಳಿದ ಯಾರಿಗಾದರೂ ಗೊತ್ತಾಗುತ್ತದೆ. ಹೊಸದು ಕಟ್ಟುವ ಅಗತ್ಯವೇ ಇಲ್ಲ.

———

ಒಪ್ಪುವುದಿಲ್ಲ. ಭೀಷ್ಮನಿಗೆ ವರ ಇತ್ತು, ಯಾರನ್ನೂ ಕೇಳಬೇಕಿರಲಿಲ್ಲ. ಇಲ್ಲಿ ಜಗಳ ಇರುವುದೇ ಕೇಳುವುದರ ಮೇಲೆ, ಕೊಡುವುದರ ಮೇಲೆ. ಸ್ವಿಟ್ಜರ್‌ಲ್ಯಾಂಡ್‌ನ ದಂಡಸಂಹಿತೆಯ 115ನೇ ಕಲಮು ನೋಡಿ: ಸ್ವಾರ್ಥಕ್ಕಾಗಿ ನೆರವಾದವರಿಗೆ ಮಾತ್ರ ಶಿಕ್ಷೆ. ಹಾಗಾಗಿ ‘ನೆರವು’ ಅನ್ನುವ ಮಾತು ಪದದೊಳಗೇ ಇರಬೇಕು. ‘ನೆರವಿನ ಸಾವು’ ಅನ್ನಿ.

‘ದಯಾಮರಣ’ದಲ್ಲಿ ಕೊಡುವವರ ಕೈ ಮೇಲಾಗುತ್ತದೆ. ಅದರ ಇಂಗ್ಲಿಷ್ ಪದ ‘ಯುಥನೇಸಿಯಾ’ದ ಗ್ರೀಕ್ ಬೇರಿನಲ್ಲಿ ದಯೆ ಇಲ್ಲವೇ ಇಲ್ಲ, ಇರುವುದು ‘ಒಳ್ಳೆಯ ಸಾವು’. ಆದರೂ ವೈದ್ಯರೇ ಕೊಡುವ ಬಗೆಗೆ ‘ದಯಾಮರಣ’ ಉಳಿಸಿಕೊಳ್ಳಿ, ಜನರ ಬಾಯಲ್ಲಿ ನೆಲೆಯಾಗಿದೆ.

‘ತುಂಬು ಬಾಳು’ ಮಾತ್ರ ಬೇಡ. ಅದು ತೀರಿಕೊಂಡವರನ್ನು ನಾವು ಹೊಗಳುವ ಮಾತು. ಇಲ್ಲಿ ಬದುಕಿರುವವರೇ ತಮ್ಮ ಬಗ್ಗೆ ಹೇಳುತ್ತಿದ್ದಾರೆ. ‘ಮುಗಿದ ಬಾಳು’ ಅಂದರೆ ಬೇರೆಯವರು ತೀರ್ಪು ಕೊಟ್ಟ ಹಾಗೆ. ‘ಸಾಕೆನಿಸಿದ ಬಾಳು’ ನೋಡಿ. ಯಾರಿಗೆ ಅನಿಸಿತು ಅನ್ನುವುದು ಅದರಲ್ಲೇ ಇದೆ. ಇಂಥ ಮಸೂದೆಯನ್ನು ವಿರೋಧಿಸುವವರ ಅಳುಕು ಇರುವುದೂ ಅಲ್ಲೇ: ಆ ‘ಸಾಕು’ ಒಳಗಿನಿಂದ ಬಂದದ್ದೋ, ಸಾಕುವವರಿಗೆ ಭಾರವಾದೆ ಎಂಬ ನೋವಿನಿಂದ ಬಂದದ್ದೋ?

———

‘ಸಾವು’ ತೀರಾ ಒರಟು. ಮುದುಕರ ಕೈಗೆ ಕೊಡುವ ಹಾಳೆಯಲ್ಲಿ ‘ಮರಣ’ ಇರಲಿ. ಸಂಸ್ಕೃತ ಪದ ಕಂಡರೆ ಕತ್ತರಿ ಹಿಡಿಯುವ ಚಟ ಇಲ್ಲಿ ಜಾಸ್ತಿಯಾಗಿದೆ.

———

ಕತ್ತರಿ ಹಿಡಿದಿಲ್ಲ, ‘ದಯಾಮರಣ’ ಉಳಿಸಿ ಅಂದವನೂ ನಾನೇ. ಆದರೆ ಎಂಬತ್ತು ದಾಟಿದವರು ಮನೆಯಲ್ಲಿ ‘ಸಾವು’ ಅಂತಲೇ ಮಾತಾಡುತ್ತಾರೆ. ಅವರ ವಿಷಯ ಅವರ ಮಾತಿನಲ್ಲೇ ಇರಲಿ. ಎರವಲು ಪದ ತಪ್ಪಲ್ಲ. ಮಾತನ್ನು ಮರೆಮಾಚಲು ಎರವಲು ತರುವುದು ತಪ್ಪು.

———

ಇಬ್ಬರಿಗೂ ವಂದನೆ. ‘ನೆರವಿನ ಸಾವು’ ತಲೆಬರಹಕ್ಕೆ ಹೋಯಿತು. ಕೆಳಗೆ ಒಂದು ಸಾಲು ಸೇರಿಸಿದೆ: ‘ಮದ್ದು ಬರೆದುಕೊಡುವವರು ವೈದ್ಯರು, ತೆಗೆದುಕೊಳ್ಳುವವರು ನೀವೇ.’ ‘ಸಾಕೆನಿಸಿದ ಬಾಳು’ ಕೂಡ ಇರುತ್ತದೆ. ‘ಸಾಕುವವರಿಗೆ ಭಾರ’ ಅನ್ನುವ ಪ್ರಶ್ನೆ ಮೂಲದಲ್ಲಿ ಇಲ್ಲ. ಅದನ್ನು ಸಭೆಯಲ್ಲಿ ನಾನೇ ಕೇಳುತ್ತೇನೆ.