ಮೊದಲು ಬಿಲ್ಲು ಸರಿಯಾಗಲಿ, ಆಮೇಲೆ ಟಿಪ್ಸ್

ಮಗಳೇ, ನಿನ್ನ ಪ್ರಶ್ನೆಗೆ ಎಲ್ಲರೂ ಒಂದೊಂದು ಮಾತು ಹೇಳಿದ್ದನ್ನು ನೋಡಿದೆ. ಅಷ್ಟೆಲ್ಲ ಟೈಪ್ ಮಾಡಲು ನನ್ನ ಕಣ್ಣಿಗೆ ಆಗುವುದಿಲ್ಲ, ಅದಕ್ಕೇ ಬಾಯಿಯಲ್ಲಿ ಹೇಳುತ್ತಿದ್ದೇನೆ. ಉದ್ದವಾದೀತು, ಪೂರ್ತಿ ಕೇಳು.

ಪ್ರಶ್ನೆ ನೋಡದವರಿಗೂ ಒಮ್ಮೆ ಹೇಳಿಬಿಡುತ್ತೇನೆ. ಭಾನುವಾರ ಇವರು ನಾಲ್ವರು ಮಂಗಳೂರಿನಲ್ಲಿ ಮೀನೂಟ ಮಾಡಿದರು. ಊಟದ ಜೊತೆಗೆ ಒಂದು ಅಂಜಲ್ ಮೀನಿನ ತವಾ ಫ್ರೈ, ಒಂದು ಕಾಣೆ ಮೀನಿನ ರವಾ ಫ್ರೈ. ಬಿಲ್ಲು 1,260 ರೂಪಾಯಿ ಬಂತು, ಅದರಲ್ಲಿ ಕಾಣೆ ಇರಲಿಲ್ಲ. ಕಾಣೆಗೆ 400 ಎಂದು ಸಪ್ಲಾಯರ್ ಮೊದಲೇ ಹೇಳಿದ್ದ. ಅಳಿಯಂದಿರು, ‘ಸುಮ್ಮನಿರು, ಆ ಹುಡುಗನಿಗೇ 200 ಟಿಪ್ಸ್ ಇಟ್ಟರಾಯಿತು’ ಎಂದರು. ಹಾಗೆಯೇ ಇಟ್ಟು ಬಂದರು. ಅದು ಸರಿಯೇ ಎಂದು ಇವಳು ಕೇಳುತ್ತಿದ್ದಾಳೆ.

ಸರಿಯಲ್ಲ ಮಗಳೇ. ಅಳಿಯಂದಿರ ಮನಸ್ಸು ಒಳ್ಳೆಯದು, ದುಡಿಯುವ ಹುಡುಗನಿಗೆ ಸಿಗಲಿ ಎಂದೇ ಇಟ್ಟದ್ದು. ಆದರೆ ಆ 200 ರೂಪಾಯಿಯಿಂದ ಅವನಿಗೆ ಉಪಕಾರಕ್ಕಿಂತ ತೊಂದರೆಯೇ ಹೆಚ್ಚಾಗಿರಬಹುದು. ನಿಮ್ಮ ದೊಡ್ಡಪ್ಪ ಉಡುಪಿಯಲ್ಲಿ ಹೋಟೆಲು ನಡೆಸಿದಷ್ಟು ಕಾಲವೂ ಗಲ್ಲಾದಲ್ಲಿ ಕುಳಿತವಳು ನಾನು, ಅದಕ್ಕೇ ಹೇಳುತ್ತಿದ್ದೇನೆ.

ಅನ್ನ, ಸಾರು, ಪಲ್ಯಕ್ಕೆ ಅಷ್ಟು ಲೆಕ್ಕವಿರುವುದಿಲ್ಲ. ಒಂದು ಊಟ ಬಿಲ್ಲಿಗೆ ಬಾರದೆ ಹೋದರೂ ರಾತ್ರಿ ಗೊತ್ತಾಗುವುದು ಕಷ್ಟ. ಮೀನು ಹಾಗಲ್ಲ. ಮಸಾಲೆ ಹಚ್ಚಿ ಇಡುವಾಗಲೇ ಅಂಜಲ್ ಎಷ್ಟು ತುಂಡು, ಮಾಂಜಿ ಎಷ್ಟು, ಕಾಣೆ ಎಷ್ಟು ಎಂದು ನಾವು ಎಣಿಸಿ ಇಡುತ್ತಿದ್ದೆವು. ರಾತ್ರಿ ಉಳಿದದ್ದನ್ನು ಎಣಿಸಿ ಬಿಲ್ಲಿನೊಂದಿಗೆ ತಾಳೆ ನೋಡುತ್ತಿದ್ದೆವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಆ 61 ದಿನ ಮೀನಿಗೆ ಚಿನ್ನದ ಬೆಲೆ, ಎಣಿಕೆಯೂ ಅಷ್ಟೇ ಬಿಗಿ. ಒಂದು ಕಾಣೆ ಕಡಿಮೆ ಬಂದರೆ ಅಡುಗೆಯವನು ಆರ್ಡರ್ ಚೀಟಿ ತೆಗೆದು ತೋರಿಸುತ್ತಾನೆ. ಚೀಟಿಯಲ್ಲಿ ಮೇಜಿನ ಸಂಖ್ಯೆ ಇರುತ್ತದೆ, ಬಡಿಸಿದವನು ಯಾರೆಂದು ತಿಳಿಯುತ್ತದೆ. ಅದೇ ಮೇಜಿನಿಂದ ಅವನಿಗೆ 200 ಸಿಕ್ಕಿದೆ ಎಂದು ಇನ್ನೊಬ್ಬ ಬಾಯಿಬಿಟ್ಟರೆ ಮಾಲೀಕ ಏನೆಂದುಕೊಂಡಾನು? ಹುಡುಗ ಬೇಕೆಂದೇ ಬರೆಯದೆ ಬಿಟ್ಟ, ಗಿರಾಕಿಯೊಂದಿಗೆ ಹಂಚಿಕೊಂಡ ಎಂದೇ. ನಿಜವಾಗಿ ಮರೆತವನು ಕಳ್ಳನಾಗುತ್ತಾನೆ.

ಮರೆಯುವುದು ಸಹಜವೂ ಹೌದು. ಎಷ್ಟೋ ಮೀನಿನ ಹೋಟೆಲುಗಳ ಮೆನುವಿನಲ್ಲಿ ಮೀನಿನ ಹೆಸರಿನ ಎದುರು ಬೆಲೆಯೇ ಇರುವುದಿಲ್ಲ, ಗಾತ್ರ ನೋಡಿ ಬೆಲೆ. ತಟ್ಟೆ ತಂದು ತೋರಿಸಿ, ಬಾಯಿಯಲ್ಲೇ ದರ ಹೇಳಿ, ಓಡಿಹೋಗಿ ಒಳಗೆ ಹೇಳಿ, ಮತ್ತೆ ಬಂದು ಸಾರು ಬಡಿಸಬೇಕು. ಈಗ ಬಡಿಸುವ ಹುಡುಗರಲ್ಲಿ ಅಸ್ಸಾಮಿನವರು, ಒಡಿಶಾದವರು, ನೇಪಾಳದವರು ಎಷ್ಟೋ ಮಂದಿ. ಕಾಣೆ ಯಾವುದು, ಮಾಂಜಿ ಯಾವುದು ಎಂದು ಅವರು ಇಲ್ಲಿಗೆ ಬಂದ ಮೇಲೆ ಕಲಿಯಬೇಕು. ಭಾನುವಾರ ಮಧ್ಯಾಹ್ನದ ಗದ್ದಲದಲ್ಲಿ ಒಂದು ಬಿಟ್ಟುಹೋದರೆ ಅದರಲ್ಲಿ ಆಶ್ಚರ್ಯವೇನಿದೆ?

ಕಡಿಮೆ ಬಿದ್ದದ್ದನ್ನು ಎಷ್ಟೋ ಕಡೆ ಅವರ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಕೇಳದೆ ಹಾಗೆ ಮಾಡುವಂತಿಲ್ಲ. ಹಿಂದಿದ್ದ 1936ರ ವೇತನ ಪಾವತಿ ಕಾಯ್ದೆಯಲ್ಲಿಯೂ ಈಗಿನ 2019ರ ವೇತನ ಸಂಹಿತೆಯಲ್ಲಿಯೂ ನಷ್ಟಕ್ಕೆಂದು ಸಂಬಳ ಹಿಡಿಯುವ ಮೊದಲು ಕೆಲಸಗಾರನ ವಿವರಣೆ ಕೇಳಲೇಬೇಕು ಎಂದಿದೆ. ಆದರೆ ಊರು ಬಿಟ್ಟು ಬಂದು ಹೋಟೆಲಿನ ಅಟ್ಟದಲ್ಲೇ ಮಲಗುವ ಹುಡುಗ ಯಾವ ಕಾನೂನು ಹಿಡಿದು ಮಾತನಾಡುತ್ತಾನೆ ಹೇಳು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ಲೆಕ್ಕ. ಕಾಣೆಗೆ 400, ಶೇಕಡಾ 5 ಜಿಎಸ್‌ಟಿ ಸೇರಿ 420. ಅದರಲ್ಲಿ 200 ಹುಡುಗನಿಗೆ ಹೋಯಿತು, 220 ನಿಮ್ಮಲ್ಲೇ ಉಳಿಯಿತು. ಆ 420ರಲ್ಲಿ ಒಂದು ರೂಪಾಯಿಯೂ ನಿಮ್ಮದಲ್ಲ, ಮಾಲೀಕನ ಹಣ. ಅವನ ಹಣದಿಂದ ನೀವು ದಾನ ಮಾಡಿದಂತಾಯಿತು. ಚಿಕ್ಕಪ್ಪ ಬರೆದಿದ್ದಾರೆ, ಹೋಟೆಲಿನವರಿಗೆ ಲಾಭ ಬೇಕಾದಷ್ಟಿದೆ ಎಂದು. ಚಿಕ್ಕಪ್ಪ, ಮೀನಿನ ದರ, ಗ್ಯಾಸ್, ಬಾಡಿಗೆ ಎಲ್ಲವನ್ನೂ ಕೊಟ್ಟು ತಿಂಗಳ ಕೊನೆಗೆ ಪೆಟ್ಟಿಗೆಯಲ್ಲಿ ಉಳಿಯುತ್ತಿದ್ದದ್ದನ್ನು ನಾನು ಎಣಿಸಿದ್ದೇನೆ, ನೀವು ಹಾಗೆ ಹೇಳಬೇಡಿ.

ಭಾವ ಕೇಳಿದ್ದಾರೆ, 100ರ ಬದಲು 500ರ ನೋಟು ಚಿಲ್ಲರೆಯಾಗಿ ಬಂದರೆ ಏನು ಮಾಡುವುದು ಎಂದು. ಹಿಂತಿರುಗಿಸುವುದೇ ಭಾವ. ತಪ್ಪಿ ಕೈಗೆ ಬಂದ ಹಣವನ್ನು ಮರಳಿಸಬೇಕು ಎಂದು 1872ರ ಕರಾರು ಕಾಯ್ದೆಯ 72ನೇ ಕಲಮು ಹೇಳುತ್ತದೆ. ಕಾನೂನು ಹೇಳದಿದ್ದರೂ ಸಂಜೆ ಗಲ್ಲಾ ಲೆಕ್ಕದಲ್ಲಿ ಕಡಿಮೆ ಬಿದ್ದು ಕೈ ನಡುಗುವವನು ಕ್ಯಾಶಿಯರ್.

ಹಾಗಾದರೆ ಹೇಗೆ ಹೇಳಬೇಕು? ನೇರವಾಗಿ ಗಲ್ಲಾದ ಬಳಿಗೆ ಹೋಗಿ, ನಿಮ್ಮ ಹುಡುಗ ಮೀನು ಬಿಟ್ಟಿದ್ದಾನೆ ಎಂದು ಎಲ್ಲರೆದುರು ಹೇಳಬಾರದು. ಬಿಲ್ಲು ಮೇಜಿನ ಮೇಲಿರುವಾಗಲೇ ಅವನನ್ನೇ ಕರೆದು ಮೆತ್ತಗೆ ಹೇಳಬೇಕು: ‘ತಮ್ಮಾ, ಒಂದು ಕಾಣೆ ಬರೆದಿಲ್ಲ ನೋಡು, ಸೇರಿಸಿ ತಾ.’ ಕ್ಯಾಶಿಯರ್ ಮುಖ ಗಂಟಿಕ್ಕಿದರೆ ಹುಡುಗನ ಪರವಾಗಿ ಒಂದು ಮಾತು ಹೇಳಿ, ಚೆನ್ನಾಗಿ ಬಡಿಸಿದ ಎಂದು. ಆ ಮಾತಿಗೆ ಟಿಪ್ಸಿಗಿಂತ ಹೆಚ್ಚು ಬೆಲೆಯಿದೆ. ಸಣ್ಣ ಹೋಟೆಲಿನ ಮಾಲೀಕರು ಕೆಲವೊಮ್ಮೆ ‘ಇರಲಿ ಬಿಡಿ’ ಎನ್ನುತ್ತಾರೆ. ಅದು ಅವರ ಔದಾರ್ಯ, ಸಂತೋಷದಿಂದ ತೆಗೆದುಕೊಳ್ಳಿ.

ಇನ್ನೊಂದು ಬಗೆಯೂ ಇದೆ. ಸಪ್ಲಾಯರೇ ಕಿವಿಯ ಹತ್ತಿರ ಬಂದು, ‘ಒಂದು ಐಟಂ ಹಾಕಲಿಲ್ಲ, ನನ್ನನ್ನು ನೋಡಿಕೊಳ್ಳಿ’ ಎನ್ನುವುದು. ಆಗ ಬಿಲ್ಲಿಗೆ ಹಾಕಿಸಿಯೇ ಹಣ ಕೊಡಬೇಕು. ಮಾಲೀಕನಿಗೆ ದೂರು ಕೊಡಲು ನಾನು ಹೇಳುವುದಿಲ್ಲ, ಹುಡುಗನ ಕೆಲಸ ಹೋದೀತು. ಆದರೆ ಅವನ ಜೊತೆ ಸೇರಬೇಡಿ.

ಟಿಪ್ಸ್ ಎಷ್ಟು ಎಂದರೆ, ಸರಿಪಡಿಸಿದ ಬಿಲ್ಲನ್ನು ನೋಡಿ ಕೊಡುವುದು. 1,260ಕ್ಕಲ್ಲ, 1,680ಕ್ಕೆ. ಅವನು ಆ ಕಾಣೆಯನ್ನೂ ಹೊತ್ತು ತಂದಿದ್ದಾನಲ್ಲ. ಅಮೆರಿಕದಲ್ಲಿರುವ ನಮ್ಮ ಹುಡುಗ ಶೇಕಡಾ 20 ಎಂದು ಬರೆದಿದ್ದಾನೆ, ಅದು ಅಲ್ಲಿಗೆ ಸರಿ. ಅಲ್ಲಿನ ಫೆಡರಲ್ ಕಾನೂನಿನಲ್ಲಿ ಟಿಪ್ಸ್ ಪಡೆಯುವವರಿಗೆ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಸಂಬಳ ಗಂಟೆಗೆ 2.13 ಡಾಲರ್, 1991ರಿಂದ ಅಷ್ಟೇ ಇದೆ. ಉಳಿದದ್ದನ್ನು ಗಿರಾಕಿಯೇ ತುಂಬಿದಂತೆ. ನಮ್ಮಲ್ಲಿ ಅಂಥ ಕಟ್ಟಳೆ ಇಲ್ಲ. ಬನ್ಸ್, ಕಾಫಿಗೆ ಚಿಲ್ಲರೆ ಬಿಟ್ಟುಬರುತ್ತೇವೆ, ಇಲ್ಲವಾದರೂ ಯಾರೂ ಕೇಳುವುದಿಲ್ಲ. ನಾಲ್ವರು ಕುಳಿತು ಮೀನೂಟ ಮಾಡಿದರೆ ನಾನು 100 ಇಡುತ್ತೇನೆ. ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿಸಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಿ. ತಾನಾಗಿ ಹಾಗೆ ಸೇರಿಸಬಾರದು ಎಂದು 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಟಿಪ್ಸನ್ನು ನಗದಾಗಿಯೇ ಕೊಡಿ. ಕ್ಯೂಆರ್ ಕೋಡಿಗೆ ಹೆಚ್ಚು ಹಾಕಿದರೆ ಅದು ಮಾಲೀಕನ ಖಾತೆಗೆ ಹೋಗುತ್ತದೆ, ಹುಡುಗನ ಕೈಗೆ ಬರುತ್ತದೆಂಬ ಖಾತ್ರಿಯಿಲ್ಲ.

ಈಗ ನೀನು ಮಾಡಬೇಕಾದದ್ದು ಇಷ್ಟು. ಬಿಲ್ಲು ಚೀಲದಲ್ಲಿದ್ದರೆ ಅದರಲ್ಲಿರುವ ನಂಬರಿಗೆ ನಾಳೆ ಫೋನ್ ಮಾಡು. ಊಟದ ಹೊತ್ತಿನಲ್ಲಿ ಬೇಡ, ನಾಲ್ಕು ಗಂಟೆಯ ಮೇಲೆ ಮಾಡು. ಬಿಲ್ಲಿನ ಸಂಖ್ಯೆ ಹೇಳು, ಕಾಣೆಯೊಂದು ಬಿಟ್ಟುಹೋಗಿದೆ, ನಾವೂ ಹೇಳದೆ ಬಂದೆವು, ಹುಡುಗನದ್ದು ತಪ್ಪಿಲ್ಲ ಎನ್ನು. ಪೂರ್ತಿ 420 ಕಳುಹಿಸು. ಆ 200ನ್ನು ಅದರಲ್ಲಿ ಕಳೆಯಬೇಡ, ಅದು ಅವನಿಗೆ ಕೊಟ್ಟದ್ದು, ಅವನದ್ದೇ. ಹೋಟೆಲಿಗೆ ಫೋನ್ ಮಾಡಲು ಅಳಿಯಂದಿರಿಗೆ ಸಂಕೋಚವಾದರೆ ನಂಬರನ್ನು ನನಗೆ ಕಳುಹಿಸು, ನಾನೇ ಮಾತನಾಡುತ್ತೇನೆ.