ಪದಚರ್ಚೆ: ಬೇಸ್‌ಬಾಲ್‌ನ ‘ಕಾನ್ಫರೆನ್ಸ್’ ಪಂದ್ಯಗಳಿಗೆ ಕನ್ನಡದಲ್ಲಿ ಏನೆನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಮ್ಯಾಸಚೂಸೆಟ್ಸ್‌ನಿಂದ, ಗುರುವಾರ ರಾತ್ರಿ

ಬಳಗದ ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ.

ನಮ್ಮೂರಿನ ಕನ್ನಡ ಕೂಟದ ಯುಗಾದಿ ಸಂಚಿಕೆ ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ಇಲ್ಲಿನ ಸಣ್ಣ ಕಾಲೇಜುಗಳ ಬೇಸ್‌ಬಾಲ್ ಬಗ್ಗೆ ಎರಡು ಪುಟ ಬರೆದಿದ್ದೇನೆ, ತಲೆಬರಹದಲ್ಲೇ ಸಿಕ್ಕಿಕೊಂಡು ಕುಳಿತಿದ್ದೇನೆ. ‘ಅರ್ಲಿ ಸೀಸನ್ ಕಾನ್ಫರೆನ್ಸ್ ಪ್ಲೇ’ ಎಂಬುದನ್ನು ಕನ್ನಡದಲ್ಲಿ ಹೇಳಬೇಕು.

ಆಟ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರ. ಇಲ್ಲಿ ಕಾಲೇಜುಗಳು ತಾವಾಗಿಯೇ ಗುಂಪು ಕಟ್ಟಿಕೊಳ್ಳುತ್ತವೆ. ಆ ಗುಂಪಿಗೆ ಕಾನ್ಫರೆನ್ಸ್ ಎಂದು ಹೆಸರು. ನಮ್ಮ ಕಡೆಯದು ನ್ಯೂ ಇಂಗ್ಲೆಂಡ್ ಸ್ಮಾಲ್ ಕಾಲೇಜ್ ಅಥ್ಲೆಟಿಕ್ ಕಾನ್ಫರೆನ್ಸ್. 1971ರಲ್ಲಿ ಹುಟ್ಟಿತು, ಈಗ ಅದರಲ್ಲಿ 11 ಕಾಲೇಜುಗಳಿವೆ. ಮಾರ್ಚ್‌ನಲ್ಲಿ ಇಲ್ಲಿನ ಮೈದಾನಗಳು ಹಿಮದಡಿ ಇರುವುದರಿಂದ ತಂಡಗಳು ರಜೆಯಲ್ಲಿ ಫ್ಲಾರಿಡಾದಂತಹ ಬೆಚ್ಚಗಿನ ಕಡೆಗೆ ಹೋಗಿ, ಸಿಕ್ಕವರೊಡನೆ ಆಡಿ ಬರುತ್ತವೆ. ಆ ಪಂದ್ಯಗಳು ಒಟ್ಟು ಲೆಕ್ಕಕ್ಕೆ ಸೇರುತ್ತವೆ, ಗುಂಪಿನ ಪಟ್ಟಿಗೆ ಸೇರುವುದಿಲ್ಲ. ತಿಂಗಳ ಕೊನೆಗೆ ಊರಿಗೆ ಮರಳಿದ ಮೇಲೆ ಗುಂಪಿನೊಳಗಿನ ಪಂದ್ಯಗಳು ಶುರುವಾಗುತ್ತವೆ. ಸಾಮಾನ್ಯವಾಗಿ ವಾರಾಂತ್ಯಕ್ಕೆ ಒಬ್ಬ ಎದುರಾಳಿಯೊಡನೆ ಮೂರು ಪಂದ್ಯ: ಶುಕ್ರವಾರ ಒಂದು, ಶನಿವಾರ ಬೆನ್ನುಬೆನ್ನಿಗೆ ಎರಡು. ಗುಂಪನ್ನು ಗೆದ್ದವರಿಗೆ ರಾಷ್ಟ್ರೀಯ ಪಂದ್ಯಾವಳಿಗೆ ನೇರ ಪ್ರವೇಶ. ಕೈ ಮರಗಟ್ಟುವ ಆ ಮೊದಲ ಶನಿವಾರದ ಸೋಲಿಗೂ ಕೊನೆಯ ವಾರದ ಸೋಲಿಗೂ ತೂಕ ಒಂದೇ. ಲೇಖನದ ತಿರುಳು ಅಷ್ಟೇ.

ಪದ ಏಕೆ ಬೇಕಾಯಿತು ಎಂದರೆ, ನನ್ನ ಅಕ್ಕನ ಮಗ ಅಂಥದೊಂದು ತಂಡದಲ್ಲಿ ಆಡುತ್ತಾನೆ. ಕಳೆದ ವರ್ಷ ಅರಸೀಕೆರೆಯಿಂದ ಬಂದಿದ್ದ ಅವನ ಅಜ್ಜಿಯನ್ನು ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆ. ಬೇಲಿಯ ಆಚೆ ಗುಡಿಸಿ ಹಾಕಿದ ಹಿಮ ಸೊಂಟದೆತ್ತರಕ್ಕೆ ಬಿದ್ದಿತ್ತು. ಶಾಲು ಹೊದ್ದು, ಮೇಲೆ ಮಂಕಿ ಕ್ಯಾಪ್ ಹಾಕಿಕೊಂಡು ಕುಳಿತಿದ್ದ ಅವರು ಫೋನ್ ಮಾಡಿಕೊಟ್ಟ ಅನುವಾದವನ್ನು ಓದಿದರು: ‘ಇಂದು ಸಮ್ಮೇಳನದ ಆಟ’. “ಸಮ್ಮೇಳನ ಎಲ್ಲಿ ನಡೆಯುತ್ತಿದೆ? ಅಧ್ಯಕ್ಷರು ಯಾರು?” ಎಂದು ಕೇಳಿದರು. ಮೊಮ್ಮಗ ಆಡುವ ಆಟವನ್ನು ಅವರಿಗೆ ಅವರ ಮಾತಿನಲ್ಲಿ ತಿಳಿಸಲು ನನಗೆ ಆಗಲಿಲ್ಲ. ಆ ನೋವು ಇನ್ನೂ ಇದೆ.

ಇನ್ನೊಂದು ವಿನಂತಿ. ಈ ಕಾಲೇಜುಗಳು ‘ಡಿವಿಷನ್ ಥ್ರೀ’ಗೆ ಸೇರಿದವು. ದಯವಿಟ್ಟು ‘ಮೂರನೇ ದರ್ಜೆ’ ಎಂದು ಸೂಚಿಸಬೇಡಿ. ಇಲ್ಲಿನ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆ 1973ರಲ್ಲಿ ಮಾಡಿದ ಈ ವಿಂಗಡಣೆಯಲ್ಲಿ ಮೂರನೆಯದೆಂದರೆ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡದ ಕಾಲೇಜುಗಳು. ಓದಿನಲ್ಲಿ ಇವುಗಳಲ್ಲಿ ಹಲವು ಅಮೆರಿಕದ ಮೊದಲ ಸಾಲಿನವು.

ಧಾರವಾಡದಿಂದ

ಕೂಟ. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ.

ಕೂಡು ಧಾತು, ಕೂಟ ನಾಮಪದ. ಇನ್ನೂ ಬಿಗಿಯಾಗಿ ಬೇಕಿದ್ದರೆ ಒಕ್ಕೂಟ: ಒರ್ ಮತ್ತು ಕೂಟ ಸೇರಿ ಆದದ್ದು, ಒಕ್ಕೊರಲು, ಒಗ್ಗಟ್ಟು, ಒಮ್ಮನಗಳ ಸಾಲಿನದು. ಹಂಚಿಹೋದವರು ಒಂದಾಗಿ ನಿಲ್ಲುವುದನ್ನು ಇಷ್ಟು ಅಡಕವಾಗಿ ಹೇಳುವ ಪದ ಇನ್ನೊಂದಿಲ್ಲ. ಸೀಸನ್‌ನ ಮೊದಲ ಭಾಗಕ್ಕೆ ‘ಮುಂಗಾರು’ ಎನ್ನಿ. ಮುನ್ ಮತ್ತು ಕಾರ್, ಎರಡೂ ನಮ್ಮವೇ. ಕಣಜದಲ್ಲಿ ಭತ್ತ ಇಟ್ಟುಕೊಂಡು ಕಡ ಕೇಳಲು ಹೋಗುವ ಈ ಚಾಳಿಯನ್ನು ನಲವತ್ತು ವರ್ಷ ತರಗತಿಯಲ್ಲಿ ಕಂಡು ಬೇಸತ್ತಿದ್ದೇನೆ.

ಬೆಂಗಳೂರಿನಿಂದ

ಮೇಷ್ಟರೇ, ಮೂವತ್ತು ವರ್ಷ ಕ್ರೀಡಾಪುಟ ಕಟ್ಟಿದವನ ಮಾತು ಕೇಳಿ. ‘ಕೂಟ’ ಎಂದ ಕೂಡಲೇ ಓದುಗರ ಕಣ್ಣ ಮುಂದೆ ಬರುವುದು ಕ್ರೀಡಾಕೂಟ: ನೂರು ಮೀಟರ್ ಓಟ, ಉದ್ದ ಜಿಗಿತ, ಮೂರು ದಿನದಲ್ಲಿ ಮುಗಿಯುವ ಸಂಭ್ರಮ. ಎರಡು ತಿಂಗಳು ನಡೆಯುವ ಲೀಗ್‌ಗೆ ಆ ಹೆಸರು ಕೂರುವುದಿಲ್ಲ. ಒಕ್ಕೂಟ ಎಂದರೆ ಫೆಡರೇಷನ್, ಇಲ್ಲವೇ ಹಾಲು ಒಕ್ಕೂಟ. ಇನ್ನು ಮುಂಗಾರು ಎಂದರೆ ಮಳೆ. ಹಿಮ ಗುಡಿಸಿ ಆಡುವ ಊರಿಗೆ ಅದನ್ನು ಒಯ್ಯಬೇಡಿ.

ಮೇಡಂ, ನಮ್ಮಲ್ಲಿ ಇದಕ್ಕೆ ಹತ್ತಿರದ ವ್ಯವಸ್ಥೆ ಇತ್ತು. ರಣಜಿ ಟ್ರೋಫಿ ವಲಯವಾರು ನಡೆಯುತ್ತಿದ್ದ ಕಾಲದಲ್ಲಿ ಕರ್ನಾಟಕ, ತಮಿಳುನಾಡು, ಹೈದರಾಬಾದ್, ಕೇರಳ, ಆಂಧ್ರ ತಂಡಗಳು ಮೊದಲು ತಮ್ಮತಮ್ಮಲ್ಲಿ ಆಡಿ ಮುಗಿಸಬೇಕಿತ್ತು. ಅವನ್ನು ‘ದಕ್ಷಿಣ ವಲಯದ ಲೀಗ್ ಪಂದ್ಯಗಳು’ ಎಂದೇ ಬರೆಯುತ್ತಿದ್ದೆವು. ‘ವಲಯ ಪಂದ್ಯ’ ಎನ್ನಿ, ಎಲ್ಲರಿಗೂ ತಿಳಿಯುತ್ತದೆ. ಅದು ಒಪ್ಪಿಗೆಯಾಗದಿದ್ದರೆ ‘ಕಾನ್ಫರೆನ್ಸ್’ ಎಂದೇ ಬರೆಯಿರಿ. ಲೀಗ್, ಕಪ್, ಟ್ರೋಫಿ ಯಾವುದನ್ನೂ ನಾವು ಅನುವಾದಿಸಿಲ್ಲ, ಕನ್ನಡ ಅದರಿಂದ ಬಡವಾಗಿಲ್ಲ.

ಮ್ಯಾಸಚೂಸೆಟ್ಸ್‌ನಿಂದ

ಸರ್, ‘ವಲಯ’ ನನಗೂ ಹೊಳೆದಿತ್ತು, ಆದರೆ ಒಂದು ತೊಡಕಿದೆ. ವಲಯವನ್ನು ಮಂಡಳಿ ಹಂಚಿಕೊಡುತ್ತದೆ. ಕರ್ನಾಟಕ ‘ನಾವು ಪೂರ್ವ ವಲಯಕ್ಕೆ ಹೋಗುತ್ತೇವೆ’ ಎನ್ನುವಂತಿರಲಿಲ್ಲ. ಇಲ್ಲಿ ಸೇರುವುದೂ ಬಿಡುವುದೂ ಕಾಲೇಜಿನ ಇಷ್ಟ. ದೊಡ್ಡ ವಿಶ್ವವಿದ್ಯಾಲಯಗಳನ್ನೇ ನೋಡಿ: 2024ರಲ್ಲಿ ಲಾಸ್ ಏಂಜಲೀಸ್‌ನ ಎರಡು ವಿಶ್ವವಿದ್ಯಾಲಯಗಳು ಪಶ್ಚಿಮ ಕರಾವಳಿಯ ತಮ್ಮ ಹಳೆಯ ಗುಂಪನ್ನು ಬಿಟ್ಟು ಬಿಗ್ ಟೆನ್ ಸೇರಿದವು. ಅದೇ ಗುಂಪಿನಲ್ಲಿ ಪೂರ್ವ ಕರಾವಳಿಯ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯ ಕೂಡ ಇದೆ. ಒಂದು ಸಾಗರದಿಂದ ಇನ್ನೊಂದು ಸಾಗರದವರೆಗೆ ಹಬ್ಬಿದ್ದನ್ನು ವಲಯ ಎನ್ನುವುದು ಹೇಗೆ?

‘ಕಾನ್ಫರೆನ್ಸ್’ ಎಂದು ಹಾಗೆಯೇ ಬಿಟ್ಟರೆ ಅಜ್ಜಿಯ ಪ್ರಶ್ನೆ ಮತ್ತೆ ಬರುತ್ತದೆ. ಅವರಿಗೂ ಗೊತ್ತಿರುವ ಪದವೇ ಅದು: ಡಾಕ್ಟರ್ ಮಗ ಕಾನ್ಫರೆನ್ಸ್‌ಗೆ ಹೋಗುತ್ತಾನೆ.

ಉಡುಪಿಯಿಂದ

ಎಲ್ಲರೂ ದೂರ ದೂರ ಹುಡುಕುತ್ತಿದ್ದೀರಿ. ಯಕ್ಷಗಾನ ಮೇಳಗಳಿಗೆ ಒಂದು ವರ್ಷದ ಆಟಗಳ ಕಾಲಕ್ಕೆ ಹೆಸರೇ ಇದೆ, ‘ತಿರುಗಾಟ’. ಮಳೆಗಾಲ ಕಳೆದ ಮೇಲೆ ಗೆಜ್ಜೆ ಕಟ್ಟಿ ಹೊರಟರೆ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಅದೇ ತಿರುಗಾಟ. ‘ಈ ವರ್ಷದ ತಿರುಗಾಟದಲ್ಲಿ ಹೊಸ ಭಾಗವತರು’ ಎಂದು ಕರಪತ್ರದಲ್ಲಿ ಹಾಕುತ್ತಾರೆ. ತಂಡ ಬಸ್ಸು ಹತ್ತಿ ಫ್ಲಾರಿಡಾಕ್ಕೆ ಹೋಗಿ, ಮತ್ತೆ ವಾರವಾರವೂ ಊರೂರು ಸುತ್ತಿ ಆಡುವುದಕ್ಕೆ ಇದಕ್ಕಿಂತ ತಕ್ಕ ಮಾತುಂಟೇ? ಶನಿವಾರದ ಎರಡು ಪಂದ್ಯಗಳಿಗೆ ‘ಜೋಡಾಟ’ ಇದ್ದೇ ಇದೆ.

ಕುಂದಾಪುರದಿಂದ

ಜೋಡಾಟ ಸಲ್ಲದು. ಜೋಡಾಟವೆಂದರೆ ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಹೊತ್ತಿಗೆ ಪೈಪೋಟಿಯಲ್ಲಿ ಆಡುವುದು. ಒಂದು ಕಡೆ ಚೆಂಡೆ ಏರಿದರೆ ಇನ್ನೊಂದು ಕಡೆಯೂ ಏರಬೇಕು, ಜನ ಅತ್ತಿಂದಿತ್ತ ಕತ್ತು ತಿರುಗಿಸಬೇಕು. ಒಂದರ ನಂತರ ಒಂದು ನಡೆಯುವುದಕ್ಕೆ ಆ ಹೆಸರು ಕೊಟ್ಟರೆ ಜೋಡಾಟಕ್ಕೆ ನಾಳೆ ಏನೆನ್ನುತ್ತೀರಿ? ‘ಜೋಡಿ ಪಂದ್ಯ’ ಎಂದರೆ ಸಾಕು.

ಮೈಸೂರಿನಿಂದ

ಇಷ್ಟು ಹೊತ್ತಿಗೆ ಯಾರಾದರೂ ಈ ಪದದ ಹುಟ್ಟನ್ನು ನೋಡಿರುತ್ತಾರೆ ಎಂದುಕೊಂಡಿದ್ದೆ. ಬಿಗ್ ಟೆನ್ ಗುಂಪು 1896ರಲ್ಲಿ ಶಿಕಾಗೋದಲ್ಲಿ ಹುಟ್ಟಿದಾಗ ಅದರ ಹೆಸರು ‘ಅಂತರ ಕಾಲೇಜು ಅಧ್ಯಾಪಕ ಪ್ರತಿನಿಧಿಗಳ ಕಾನ್ಫರೆನ್ಸ್’. ಆಟದ ಕಡಿವಾಣ ಮೇಷ್ಟರುಗಳ ಕೈಯಲ್ಲಿರಬೇಕು ಎಂದು ಅಧ್ಯಾಪಕರು ಸೇರಿ ಮಾಡಿಕೊಂಡ ಸಭೆ ಅದು. ಕಾಲಕ್ರಮದಲ್ಲಿ ಸಭೆಯ ಹೆಸರು ಆ ಸಭೆಗೆ ಬರುತ್ತಿದ್ದ ಕಾಲೇಜುಗಳಿಗೆ, ಅವುಗಳ ಆಟಕ್ಕೆ ಅಂಟಿಕೊಂಡಿತು. ಆದ್ದರಿಂದ ‘ಸಮ್ಮೇಳನ’ ತಪ್ಪಲ್ಲ. ಅಜ್ಜಿ ಓದಿದ್ದೇ ಮೂಲಾರ್ಥ.

ಧಾರವಾಡದಿಂದ

ಮೂಲಾರ್ಥ ಅಮೆರಿಕದವರದು. ಅದರ ಹೊರೆಯನ್ನು ಕನ್ನಡ ಏಕೆ ಹೊರಬೇಕು? ಇಂಗ್ಲಿಷ್ ಬೇಡವೆಂದು ಸಂಸ್ಕೃತದ ಬಾಗಿಲು ತಟ್ಟುವುದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆ.

ಮಂಡ್ಯದಿಂದ

ನಾನು ಪದಗಳ ವಿದ್ವಾಂಸನಲ್ಲ, ಕಬ್ಬು ಬೆಳೆಯುವವನು. ಸೀಸನ್‌ಗೆ ನಾವು ದಿನನಿತ್ಯ ಬಳಸುವ ಪದ ‘ಹಂಗಾಮು’. ಮುಂಗಾರು ಹಂಗಾಮು, ಹಿಂಗಾರು ಹಂಗಾಮು, ಕಬ್ಬು ಅರೆಯುವ ಹಂಗಾಮು. ಆಟಕ್ಕೂ ಹಂಗಾಮು ಇರಬಹುದಲ್ಲ? ‘ಋತು’ ಎಂದು ಬರೆದರೆ ವಸಂತ, ಗ್ರೀಷ್ಮ ನೆನಪಾಗುತ್ತವೆಯೇ ಹೊರತು ಶುರುವಾಗಿ ಮುಗಿಯುವ ಕೆಲಸವೊಂದು ನೆನಪಾಗುವುದಿಲ್ಲ.

ಧಾರವಾಡದಿಂದ

ಹಂಗಾಮು ಫಾರಸಿ. ಬೇಡ.

ಮಂಡ್ಯದಿಂದ

ಮೇಷ್ಟರೇ, ಹಿರಿಯರು ತಾವು, ಆದರೂ ಹೇಳುತ್ತೇನೆ. ನನ್ನ ಜಮೀನು, ಅದರ ಪಹಣಿ, ನಾನು ಕಟ್ಟುವ ಕಂದಾಯ, ಅದನ್ನು ಕಟ್ಟಲು ಹೋಗುವ ಕಚೇರಿ, ಅಲ್ಲಿನ ಗುಮಾಸ್ತ, ಅವನ ಮುಂದಿರುವ ಕಾಗದ: ಇವುಗಳಲ್ಲಿ ಎಷ್ಟನ್ನು ‘ಬೇಡ’ ಎನ್ನುತ್ತೀರಿ? ನಮ್ಮಪ್ಪ ಒಂದಕ್ಷರ ಫಾರಸಿ ತಿಳಿಯದೆ ‘ಈ ಹಂಗಾಮು ಕೈಕೊಟ್ಟಿತು’ ಎಂದು ಜಗಲಿಯ ಮೇಲೆ ಕುಳಿತು ಹೇಳಿದಾಗ ಅದು ಯಾರ ಮಾತಾಗಿತ್ತು? ಪದ ಯಾರ ಮನೆಯಲ್ಲಿ ಹುಟ್ಟಿತು ಎಂದು ನೀವು ಕೇಳುತ್ತೀರಿ. ಅದು ಯಾರ ಮನೆಯಲ್ಲಿ ದುಡಿಯಿತು ಎಂದು ನಾನು ಕೇಳುತ್ತೇನೆ.

ಮೈಸೂರಿನಿಂದ

ಮಂಡ್ಯದವರ ಮಾತಿಗೆ ಒಂದು ಸೇರ್ಪಡೆ. ಹಂಗಾಮು ನಮ್ಮಲ್ಲಿ ಸುಮ್ಮನೆ ನೆಂಟನಾಗಿ ಕುಳಿತಿಲ್ಲ, ಮಕ್ಕಳು ಮರಿ ಮಾಡಿಕೊಂಡಿದೆ. ‘ಹಂಗಾಮಿ ಮುಖ್ಯಮಂತ್ರಿ’ ಎನ್ನುವಾಗ ಅದೇ ಪದ ‘ತಾತ್ಕಾಲಿಕ’ ಎಂಬ ಅರ್ಥ ಪಡೆದಿದೆ. ‘ಕಚೇರಿ’ಯನ್ನೇ ನೋಡಿ: ತಹಶೀಲ್ದಾರರು ಕೂರುವುದೂ ಕಚೇರಿ, ಪಿಟೀಲು ನುಡಿಸುವುದೂ ಕಚೇರಿ. ಅರ್ಥ ಹೀಗೆ ಸರಿಯುವುದಾದರೆ ‘ಸಮ್ಮೇಳನ’ವೂ ಸರಿಯಬಹುದು ಎಂಬುದೇ ನನ್ನ ವಾದ.

ಬೆಂಗಳೂರಿನಿಂದ

ಸರಿಯಬಹುದು, ನಾಳೆ ಸಂಜೆಯೊಳಗೆ ಸರಿಯುವುದಿಲ್ಲ. ಸಾಹಿತ್ಯ ಸಮ್ಮೇಳನ 1915ರಿಂದ ಆ ಪದವನ್ನು ಹಿಡಿದು ಕುಳಿತಿದೆ.

ಶಿರಸಿಯಿಂದ

ಮೊದಲ ಪತ್ರವನ್ನು ಇನ್ನೊಮ್ಮೆ ಓದಿದೆ. ಅದರ ಮೊದಲ ಪದ ‘ಬಳಗದ’.

ತಂಗೀ, ನೀವು ನಮ್ಮನ್ನು ಹಾಗೆ ಕರೆದದ್ದು ಏಕೆ? ಯಾರೂ ನಮ್ಮನ್ನು ಇಲ್ಲಿಗೆ ಹಂಚಿಲ್ಲ. ನಾವಾಗಿ ಬಂದೆವು, ಬೇಡವಾದರೆ ಹೋಗುತ್ತೇವೆ, ಇರುವಷ್ಟು ದಿನ ಒಬ್ಬರಿಗೊಬ್ಬರು ಎದುರಾಗುತ್ತೇವೆ. ಕಾನ್ಫರೆನ್ಸ್ ಎಂದು ನೀವು ವಿವರಿಸಿದ್ದೂ ಇದನ್ನೇ. ಗುಂಪಿನೊಳಗಿನದು ‘ಬಳಗ ಪಂದ್ಯ’, ಫ್ಲಾರಿಡಾದಲ್ಲಿ ಸಿಕ್ಕವರೊಡನೆ ಆಡಿದ್ದು ‘ಬಳಗದಾಚೆಯ ಪಂದ್ಯ’. ಒಂದು ಪದ ಹಿಡಿದರೆ ಅದರ ವಿರುದ್ಧವೂ ತಾನಾಗಿ ಸಿಗಬೇಕು. ‘ಕೂಟದಾಚೆಯ’, ‘ಸಮ್ಮೇಳನದಾಚೆಯ’ ಎಂದು ಹೇಳಿ ನೋಡಿ, ನಾಲಿಗೆಯೇ ಬೇಡ ಎನ್ನುತ್ತದೆ. ಕ್ರೀಡಾಪುಟದಲ್ಲಿ ಈ ಪದಕ್ಕೆ ಇನ್ನೂ ಬೇರೆ ಕೆಲಸ ಹಚ್ಚಿಲ್ಲ, ಅದೂ ಅನುಕೂಲವೇ.

ಧಾರವಾಡದಿಂದ

ಪದ ಅಚ್ಚಗನ್ನಡ, ಅದಕ್ಕೆ ತಕರಾರಿಲ್ಲ. ಆದರೆ ಬಳಗವೆಂದರೆ ಬಂಧುಗಳು. ಬಂಧುಗಳು ಒಬ್ಬರನ್ನೊಬ್ಬರು ಸೋಲಿಸಲು ಹೊರಡುವರೇ?

ಶಿರಸಿಯಿಂದ

ಕುರುಕ್ಷೇತ್ರದಲ್ಲಿ ಎದುರುಬದುರು ನಿಂತವರು ಬಳಗದವರಲ್ಲದೆ ಮತ್ತಾರು, ಮೇಷ್ಟರೇ?

ಧಾರವಾಡದಿಂದ

ಒಪ್ಪಿದೆ. ಹಂಗಾಮನ್ನು ಒಪ್ಪಿಲ್ಲ.

ಮ್ಯಾಸಚೂಸೆಟ್ಸ್‌ನಿಂದ, ಶುಕ್ರವಾರ ಸಂಜೆ

ಎಲ್ಲರಿಗೂ ಕೈಮುಗಿದಿದ್ದೇನೆ. ಶಿರಸಿಯ ಅಣ್ಣನವರ ಮಾತು ಓದಿದ ಮೇಲೆ ಬೇರೆ ಪದ ಹುಡುಕಲಿಲ್ಲ. ಇಲ್ಲಿನ ಇತಿಹಾಸವೂ ಅದಕ್ಕೆ ಒಪ್ಪುತ್ತದೆ. ಅಮೆರಿಕದ ಕಾಲೇಜುಗಳ ನಡುವಿನ ಮೊದಲ ಬೇಸ್‌ಬಾಲ್ ಪಂದ್ಯ ನಡೆದದ್ದು 1859ರ ಜುಲೈ 1ರಂದು, ಇದೇ ರಾಜ್ಯದ ಪಿಟ್ಸ್‌ಫೀಲ್ಡ್‌ನಲ್ಲಿ, ಆಮ್ಹರ್ಸ್ಟ್ ಮತ್ತು ವಿಲಿಯಮ್ಸ್ ಕಾಲೇಜುಗಳ ನಡುವೆ. ಆಮ್ಹರ್ಸ್ಟ್ 73–32ರಿಂದ ಗೆದ್ದಿತು. ಮರುದಿನ ಅದೇ ಎರಡು ಕಾಲೇಜುಗಳು ಚದುರಂಗವನ್ನೂ ಆಡಿದವು. ವಿಲಿಯಮ್ಸ್‌ನಿಂದ ಬೇರೆಯಾಗಿ ಬಂದ ಅಧ್ಯಕ್ಷರೂ ವಿದ್ಯಾರ್ಥಿಗಳೂ ಕಟ್ಟಿದ ಕಾಲೇಜು ಆಮ್ಹರ್ಸ್ಟ್, ಅಂದರೆ ಪಾಲಾಗಿ ಹೋದ ದಾಯಾದಿಗಳು. ಇಂದಿಗೂ ಆ ಎರಡೂ ಒಂದೇ ಬಳಗದಲ್ಲಿವೆ.

ಧಾರವಾಡದ ಸರ್, ಕ್ಷಮಿಸಿ, ‘ಹಂಗಾಮು’ ಉಳಿಸಿಕೊಂಡಿದ್ದೇನೆ. ಅರಸೀಕೆರೆಯ ಅಜ್ಜಿಗೆ ಫೋನ್ ಮಾಡಿ ಎರಡನ್ನೂ ಓದಿ ಹೇಳಿದೆ. ‘ಮುಂಗಾರಿನ ಪಂದ್ಯ’ ಎಂದಾಗ “ಅಲ್ಲಿ ಮಳೆ ಶುರುವಾಯಿತೇ?” ಎಂದರು. ‘ಹಂಗಾಮಿನ ಮೊದಲ ಬಳಗ ಪಂದ್ಯ’ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆವತ್ತು ಆಡಿದ್ದು ತಮ್ಮವರ ಜೊತೆಯೇ” ಎಂದರು.

ಅಚ್ಚಿಗೆ ಕಳುಹಿಸಿದ ತಲೆಬರಹ: ‘ಹಿಮ ಕರಗುವ ಮುನ್ನ: ಸಣ್ಣ ಕಾಲೇಜುಗಳ ಬೇಸ್‌ಬಾಲ್ ಹಂಗಾಮು ಮತ್ತು ಮೊದಲ ಬಳಗ ಪಂದ್ಯಗಳು’. ಶನಿವಾರದ ಎರಡು ಪಂದ್ಯಗಳಿಗೆ ಕುಂದಾಪುರದವರು ಹೇಳಿದಂತೆ ‘ಜೋಡಿ ಪಂದ್ಯ’. ಗುಂಪಿನ ಪೂರ್ಣ ಹೆಸರು ಬರುವಲ್ಲಿ ಮಾತ್ರ ‘ಕಾನ್ಫರೆನ್ಸ್’ ಹಾಗೆಯೇ ಇದೆ.

ಉಡುಪಿಯಿಂದ

ತಿರುಗಾಟವನ್ನು ಎಲ್ಲಿಯೂ ಬಳಸಲಿಲ್ಲವೇ?

ಮ್ಯಾಸಚೂಸೆಟ್ಸ್‌ನಿಂದ

ಬಳಸಿದ್ದೇನೆ, ಸರ್. ಫ್ಲಾರಿಡಾ ಪ್ಯಾರಾದ ಉಪಶೀರ್ಷಿಕೆ ಅದೇ: ‘ಮಾರ್ಚ್ ತಿರುಗಾಟ’.