ಸಹಾಯ ಬೇಕು: ಹೊಸನಗರ ಕಡೆಯ ಅಜ್ಜಿಯ ಕಿವಿ ಮಿಷನ್ನಿಗೆ ಸಾಮಾನು, ಮನೆಯವರಿಗೆ ಹೇಳಿಕೊಡುವವರು

ಹೊಸನಗರ ತಾಲ್ಲೂಕಿನ ಒಂಟಿಮನೆಯೊಂದರಲ್ಲಿ ಕಿವಿ ಕೇಳದ ಅಜ್ಜಿ ಇದ್ದಾರೆ. ಮಳೆಗಾಲ ಶುರುವಾದಾಗಿನಿಂದ ಕಿವಿ ಮಿಷನ್ ಡಬ್ಬಿ ಸೇರಿದೆ. ಊಟಕ್ಕೆ ಕರೆಯುವುದು ಬಿಟ್ಟರೆ ಮನೆಯಲ್ಲಿ ಅವರೊಂದಿಗೆ ಮಾತಿಲ್ಲ.

ಮಿಷನ್ ಕೆಟ್ಟಿಲ್ಲ. ಕಿವಿಯಚ್ಚಿಗೆ (ಕಿವಿಯೊಳಗೆ ಕೂರುವ ಭಾಗ) ಹೋಗುವ ಪ್ಲಾಸ್ಟಿಕ್ ನಳಿಕೆಯಲ್ಲಿ ನೀರಹನಿ ಕಟ್ಟಿ ಶಬ್ದ ನಿಲ್ಲುತ್ತದೆ. ಅಚ್ಚು ಬಿಡಿಸಿ ರಬ್ಬರ್ ಬ್ಲೋವರ್‌ನಿಂದ ಊದಬೇಕು. ಬಾಯಲ್ಲಿ ಊದಿದರೆ ಉಸಿರಿನ ತೇವವೂ ಸೇರುತ್ತದೆ. ರಾತ್ರಿ ಬ್ಯಾಟರಿ ತೆಗೆದು, ಮಿಷನ್ನನ್ನು ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಿಸಬೇಕು. ಬಚ್ಚಲೊಲೆ ಪಕ್ಕ ಒಣಗಿಸಲು ಅದೇನು ಅಡಿಕೆಯಲ್ಲ!

ಬೇಕಾಗಿರುವುದು ಒಂದು ಬ್ಲೋವರ್, ಸಿಲಿಕಾ ಜೆಲ್, 13ನೇ ನಂಬರಿನ (ಕಿತ್ತಳೆ ಪಟ್ಟಿ) ಜಿಂಕ್-ಏರ್ ಬ್ಯಾಟರಿ ಎರಡು ಶೀಟ್. ಮೇಲೆ ಅಂಟಿಸಿದ ಆ ಪಟ್ಟಿ ಕಿತ್ತ ಬ್ಯಾಟರಿ ಕಳಿಸಬೇಡಿ, ಗಾಳಿ ತಗುಲಿದರೆ ಬಳಸದಿದ್ದರೂ ಇಳಿಯುತ್ತದೆ. ಅಚ್ಚು ಸಡಿಲವಾಗಿ ಕುಯ್ಯೆನ್ನುತ್ತಿದೆ, ಹೊಸ ಅಳತೆ ಕೊಡಿಸಲು ಶಿವಮೊಗ್ಗಕ್ಕೆ ಕರೆದೊಯ್ಯುವ ಕಾರೂ ಬೇಕು. ಅದಕ್ಕೂ ಮೊದಲು ಗುಗ್ಗೆ ತೆಗೆಸಬೇಕು.

ಇದೆಲ್ಲ ಸಿಕ್ಕರೂ ಸಾಲದು. ವಾರಕ್ಕೊಮ್ಮೆ ಹೋಗಿ ಮನೆಯವರಿಗೆ ತೋರಿಸಿಕೊಡುವವರು ಬೇಕು. ಒಳಗಿನಿಂದ ಕೂಗಬಾರದು, ಎದುರು ಬಂದು, ಹೆಗಲು ಮುಟ್ಟಿ, ಮುಖಕ್ಕೆ ಬೆಳಕು ಬೀಳುವಂತೆ ಮೂರಡಿ ದೂರ ಕೂತು ಮಾತಾಡಬೇಕು. ಕಿರುಚಿದರೆ ತುಟಿಯ ಆಕಾರ ಕೆಟ್ಟು, ತುಟಿ ನೋಡಿ ಮಾತು ತಿಳಿಯುವುದು ಕಷ್ಟ. ಬಳೆ, ಮಳೆ ಎರಡೂ ತುಟಿಯಲ್ಲಿ ಒಂದೇ ಥರ ಕಾಣುತ್ತವೆ. ಅರ್ಥವಾಗದಿದ್ದರೆ ಅದನ್ನೇ ಮೂರು ಸಲ ಹೇಳುವ ಬದಲು "ಹೊರಗೆ ಮಳೆ ಬರ್ತಿದೆ" ಎಂದು ವಾಕ್ಯ ಮಾಡಿ ಹೇಳಬೇಕು. ಟಿವಿ ಆರಿಸಿರಬೇಕು. "ಏನಿಲ್ಲ ಬಿಡಿ" ಅನ್ನಲೇಬಾರದು.

ಅಜ್ಜಿಗೆ ಓದಲು ಬರುತ್ತದೆ, ಸ್ಲೇಟೊಂದು ಇದ್ದರೆ ಕೊಡಿ. ಆಗುವವರು ಇನ್‌ಬಾಕ್ಸ್‌ಗೆ ಬನ್ನಿ.